ಮುಪ್ಪಾದ ಪಿಸ್ತೂಲು, ಮುಪ್ಪಾಗದ ಅಪಾಯ

ಯುದ್ಧಗಳು ಮುಗಿಯುತ್ತವೆ, ಯುದ್ಧಕ್ಕೆಂದು ಮಾಡಿದ ಆಯುಧಗಳ ಆಯುಸ್ಸು ಅಷ್ಟು ಬೇಗ ಮುಗಿಯುವುದಿಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಕೊನೆಗೊಂಡಾಗ ಗೆದ್ದ ಪಕ್ಷದ ಸಿಪಾಯಿಗಳಲ್ಲಿ ಅನೇಕರು ಸೋತವರ ಪಿಸ್ತೂಲುಗಳನ್ನು ನೆನಪಿನ ವಸ್ತುವೆಂದು ಮನೆಗೆ ಒಯ್ದರು. ಅವುಗಳಲ್ಲಿ ಎಷ್ಟೋ ಇಂದಿಗೂ ಸಂಗ್ರಾಹಕರ ಕಪಾಟುಗಳಲ್ಲಿ, ಹಳೆಯ ಪೆಟ್ಟಿಗೆಗಳ ತಳದಲ್ಲಿ ಉಳಿದಿವೆ. ಇಂಥ ಪಿಸ್ತೂಲು ನೋಡಲು ಸುಸ್ಥಿತಿಯಲ್ಲಿದ್ದರೂ ಅದರ ಸುರಕ್ಷಾ ಕೀಲನ್ನು ನಂಬಬಾರದೆಂಬುದೇ ನಾವು ಇಲ್ಲಿ ಹೇಳಹೊರಟ ಸಂಗತಿ.

ಹ್ಯಾಮರುಳ್ಳ ಪಿಸ್ತೂಲಿನ ಒಳಗುಟ್ಟು ಸ್ಥೂಲವಾಗಿ ಇಷ್ಟೇ: ಟ್ರಿಗರ್ ಎಳೆದಾಗ ಒಳಗಿನ ಒಂದು ಸಣ್ಣ ಕೊಂಡಿ ಸರಿದು ಹ್ಯಾಮರನ್ನು ಬಿಡುತ್ತದೆ, ಹ್ಯಾಮರು ಬಡಿದ ಸೂಜಿ ತೋಟಾದ ಬುಡವನ್ನು ಕುಟ್ಟಿ ಮದ್ದನ್ನು ಹೊತ್ತಿಸುತ್ತದೆ. ಆ ಕೊಂಡಿ ಭದ್ರವಾಗಿರುವವರೆಗೆ ಮಾತ್ರ ಪಿಸ್ತೂಲು ಭದ್ರ.

ಜಪಾನೀ ಸೈನ್ಯದ ‘94ನೆಯ ಮಾದರಿ’ಯಲ್ಲಿ ದೋಷವಿದ್ದುದು ಇಲ್ಲಿಯೇ. ಕಿಜಿರೊ ನಂಬು ಅವರ ಹೆಸರಿನೊಡನೆ ಸೇರಿರುವ ಈ ಪಿಸ್ತೂಲಿಗೆ ಜಪಾನೀ ಪಂಚಾಂಗದ 2594ನೆಯ ವರ್ಷದಿಂದ, ಎಂದರೆ 1934ರಿಂದ, ಆ ಹೆಸರು ಬಂದಿತು. ಆರು ಗುಂಡುಗಳ ಈ ಚಿಕ್ಕ ಆಯುಧಗಳು ಯುದ್ಧ ಮುಗಿಯುವುದರೊಳಗೆ ಸುಮಾರು 71,000 ತಯಾರಾದವು. ಇದರಲ್ಲಿ ಕೊಂಡಿಗೆ ಸೇರಿದ ಲೋಹದ ಪಟ್ಟಿ ಎಡಮಗ್ಗುಲಲ್ಲಿ ಹೊರಗೇ ಕಾಣುತ್ತದೆ. ಹ್ಯಾಮರು ಹಿಂದೆ ಸರಿದು ಸೇಫ್ಟಿ ತೆರೆದಿದ್ದಾಗ ಆ ಪಟ್ಟಿಯ ಮೇಲೆ ಬೆರಳು ಬಲವಾಗಿ ಒತ್ತಿದರೆ, ಟ್ರಿಗರನ್ನು ಮುಟ್ಟದೆಯೇ ಗುಂಡು ಹಾರಬಹುದು. ಯುದ್ಧದ ಕಡೆಯ ದಿನಗಳಲ್ಲಿ ಅವಸರದಿಂದ ಮಾಡಿದವುಗಳ ಕೆಲಸಗಾರಿಕೆಯಂತೂ ಬಹಳ ಒರಟಾಗಿತ್ತು.

ದೋಷ ಜಪಾನೀಯರದು ಮಾತ್ರವಲ್ಲ. ರಷ್ಯದ ಟೋಕರೆವ್ ಪಿಸ್ತೂಲಿನ ಮೂಲ ರಚನೆಯಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇರಲಿಲ್ಲ; ಹ್ಯಾಮರನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಒಂದು ಕಚ್ಚು ಮಾತ್ರವಿತ್ತು. ಆ ಕಚ್ಚು ಸವೆದರೆ ತಡೆಯೂ ಹೋಯಿತು. ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿದ ಪ್ರಸಿದ್ಧ ಕೋಲ್ಟ್ ಪಿಸ್ತೂಲು ಗಟ್ಟಿಮುಟ್ಟಾದುದೇ. ಆದರೂ ಗುಂಡು ತುಂಬಿದಾಗ ಮೂತಿ ಕೆಳಗಾಗಿ ಗಟ್ಟಿ ನೆಲಕ್ಕೆ ಬಿದ್ದರೆ, ಸೂಜಿ ತನ್ನ ವೇಗದಿಂದಲೇ ಮುನ್ನುಗ್ಗಿ ತೋಟಾವನ್ನು ಕುಟ್ಟುವ ಸಂಭವವುಂಟು. ಸೂಜಿಯನ್ನು ಹಿಂದಕ್ಕೆ ಹಿಡಿದಿಡುವ ಸ್ಪ್ರಿಂಗು ದುರ್ಬಲವಾದಷ್ಟೂ ಈ ಭಯ ಹೆಚ್ಚು. ಸೂಜಿಗೆ ಪ್ರತ್ಯೇಕ ತಡೆಯನ್ನು ಕೋಲ್ಟ್ ಕಂಪನಿ ತನ್ನ ಹೊಸ ಶ್ರೇಣಿಯಲ್ಲಿ ಅಳವಡಿಸಿದ್ದು 1983ರಲ್ಲಿ.

ರಚನೆಯ ದೋಷಕ್ಕೆ ಕಾಲದ ದೋಷವೂ ಕೂಡಿಕೊಳ್ಳುತ್ತದೆ. ಮ್ಯಾಗಜಿನ್ನಿನ ಅಂಚು ಸೊಟ್ಟಗಾದರೆ, ಸ್ಪ್ರಿಂಗು ಸೋತರೆ ತೋಟಾ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದಿನ ಸೈನ್ಯದ ಅನೇಕ ತೋಟಾಗಳು ಉರಿದ ಮೇಲೆ ನಳಿಗೆಯಲ್ಲಿ ಲವಣವನ್ನು ಉಳಿಸುತ್ತಿದ್ದವು; ಒಡನೆ ತೊಳೆಯದಿದ್ದರೆ ಅದು ತೇವವನ್ನು ಹೀರಿ ತುಕ್ಕು ಹಿಡಿಸುತ್ತಿತ್ತು. ಹಳೆಯ ತೋಟಾ ಕೆಲವೊಮ್ಮೆ ಕೂಡಲೇ ಸಿಡಿಯದೆ ಕ್ಷಣಗಳ ತರುವಾಯ ಸಿಡಿಯುವುದೂ ಉಂಟು. ‘ಹಾರಲಿಲ್ಲ’ವೆಂದು ಮೂತಿಯನ್ನು ತನ್ನ ಕಡೆಗೆ ತಿರುಗಿಸಿ ನೋಡುವವನ ಗತಿಯೇನು?

ಇನ್ನೊಂದು ತಪ್ಪು ತಿಳಿವಳಿಕೆ ಬಹು ಸಾಮಾನ್ಯ. ಮ್ಯಾಗಜಿನ್ನನ್ನು ತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಯಿತೆಂದಲ್ಲ. ನಳಿಗೆಯ ಹಿಂಬದಿಯಲ್ಲಿ ಒಂದು ತೋಟಾ ಉಳಿದಿರಬಹುದು. ಪ್ರಾಣ ತೆಗೆಯಲು ಒಂದೇ ಸಾಕು.

ಕಾಸರಗೋಡಿನಲ್ಲಾಗಲಿ, ಸೊಲ್ಲಾಪುರದಲ್ಲಾಗಲಿ, ಆದವಾನಿಯಲ್ಲಾಗಲಿ, ಈ ವಿಷಯದಲ್ಲಿ ನಮಗೆಲ್ಲ ಕಾನೂನು ಒಂದೇ: 1959ರ ಆಯುಧ ಕಾಯ್ದೆ. ಹಿರಿಯರ ಆಸ್ತಿಯೆಂಬ ಮಾತ್ರಕ್ಕೆ ಪಿಸ್ತೂಲನ್ನು ಲೈಸೆನ್ಸಿಲ್ಲದೆ ಮನೆಯಲ್ಲಿಡುವಂತಿಲ್ಲ. ಇಟ್ಟುಕೊಳ್ಳುವ ಹಕ್ಕು ತೀರಿದೊಡನೆ ಅದನ್ನು ಪೊಲೀಸ್ ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸಬೇಕು.

ಹಿರಿಯರು ತೀರಿಕೊಂಡ ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಇಂಥದೊಂದು ಸಿಕ್ಕಿತೆನ್ನಿ. ಅದನ್ನು ಒರೆಸಲು, ಬಿಚ್ಚಲು, ಟ್ರಿಗರ್ ಎಳೆದು ನೋಡಲು ಹೋಗಬೇಡಿ. ಮಕ್ಕಳನ್ನು ದೂರವಿರಿಸಿ, ಕೋಣೆಗೆ ಬೀಗ ಹಾಕಿ, ಠಾಣೆಗೆ ತಿಳಿಸಿ. ಬಲ್ಲವರೇ ಬಂದು ಎತ್ತಲಿ. ಹಿರಿಯರ ನೆನಪಿಗೆ ಅವರ ಭಾವಚಿತ್ರವಿದೆ, ಪದಕವಿದೆ, ಬರೆದ ಕಾಗದಗಳಿವೆ. ಅವುಗಳನ್ನು ಮಕ್ಕಳ ಕೈಗೆ ಕೊಡಲು ಯಾರೂ ಅಂಜಬೇಕಾಗಿಲ್ಲ.