ಪೋಕೆಮಾನ್ ಕಾರ್ಡ್ ಈವೆಂಟ್ ಎಂದರೆ ಮಕ್ಕಳ ಜೂಜಾಟವೇ? ಮನೆಮಂದಿ ಹೋಗುವ ಮುನ್ನ ಓದಿ

'ಕಾರ್ಡ್ ಆಟ' ಎಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಇಸ್ಪೀಟು. ಹಾಗಾಗಿ ಭಾನುವಾರ ಪೋಕೆಮಾನ್ ಕಾರ್ಡ್ ಈವೆಂಟ್‌ಗೆ ಹೋಗೋಣ ಎಂದು ಮಗು ಹಠ ಹಿಡಿದರೆ ಅಜ್ಜಿ ಹುಬ್ಬು ಗಂಟಿಕ್ಕುವುದು ಸಹಜ. ಇದು ಮಕ್ಕಳಿಗೆ ಜೂಜು ಕಲಿಸುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆಯೇ? ಸ್ವಲ್ಪ ಇದೆ. ಆದರೆ ಅದು ಆಟದ ಮೇಜಿನ ಮೇಲಿಲ್ಲ, ಅಂಗಡಿಯ ಕೌಂಟರ್‌ನಲ್ಲಿದೆ.

ಮೊದಲು ಮೇಜಿನ ಕಡೆ ನೋಡೋಣ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೂ 60 ಕಾರ್ಡ್‌ಗಳ ಡೆಕ್. ಶುರುವಿಗೆ 7 ಕಾರ್ಡ್ ಕೈಗೆ ಬರುತ್ತವೆ, 6 ಕಾರ್ಡ್ ಪಕ್ಕದಲ್ಲಿ ಮಗುಚಿಡಬೇಕು. ಈ ಆರಕ್ಕೆ 'ಪ್ರೈಸ್ ಕಾರ್ಡ್' ಎಂದು ಹೆಸರು. ಎದುರಾಳಿಯ ಪೋಕೆಮಾನನ್ನು ಸೋಲಿಸಿದಾಗ ಇವುಗಳಿಂದ ಎತ್ತಿಕೊಳ್ಳಬೇಕು, ಮೊದಲು ಖಾಲಿ ಮಾಡಿದವರು ಗೆದ್ದಂತೆ. ಹೆಸರು ಕೇಳಿ ಗಾಬರಿಯಾಗಬೇಡಿ, ಆ ಆರೂ ಅವರವರ ಡೆಕ್‌ನ ಕಾರ್ಡ್‌ಗಳೇ. ಆಟ ಮುಗಿದ ಮೇಲೆ ಯಾರ ಕಾರ್ಡೂ ಕೈ ಬದಲಾಗುವುದಿಲ್ಲ. ನಾವು ಶಾಲೆಯಲ್ಲಿ ಆಡುತ್ತಿದ್ದ ಡಬ್ಲ್ಯೂಡಬ್ಲ್ಯೂಇ ಟ್ರಂಪ್ ಕಾರ್ಡ್‌ನಲ್ಲಿ ಗೆದ್ದವರು ಕಾರ್ಡನ್ನೇ ಕಿತ್ತುಕೊಳ್ಳುತ್ತಿದ್ದರು, ಗೋಲಿಯಾಟವೂ ಅಷ್ಟೇ!

ಅನುಮಾನ ಬಂದಿದ್ದು ಬುಡವಿಲ್ಲದೇ ಅಲ್ಲ. 1993ರಲ್ಲಿ ಬಂದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟದಲ್ಲಿ ತಲಾ ಒಂದು ಕಾರ್ಡ್ ಪಣಕ್ಕಿಡುವ ನಿಯಮ ನಿಜವಾಗಿಯೂ ಇತ್ತು. ಆಮೇಲೆ ಅದನ್ನು ಕೈಬಿಟ್ಟರು. ಪೋಕೆಮಾನ್‌ನ ಅಧಿಕೃತ ಟೂರ್ನಮೆಂಟ್‌ಗಳಲ್ಲಿ ಫಲಿತಾಂಶದ ಮೇಲೆ ಬಾಜಿ ಕಟ್ಟುವುದು ನಿಷಿದ್ಧ.

ಅದೃಷ್ಟದ ಪಾತ್ರ ಇದ್ದೇ ಇದೆ. ಒಂದು ಕಾರ್ಡಿನ 4 ಪ್ರತಿ ಹಾಕಿದ್ದರೆ ಮೊದಲ ಏಳರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇ 40. ಇಂಥ ಲೆಕ್ಕ ಹಾಕಿ ಡೆಕ್ ಜೋಡಿಸುವುದೇ ಆಟದ ಅರ್ಧ ಮಜಾ.

ಹೊಸಬರ ಕುಟುಂಬಕ್ಕೆ 'ಪ್ರೀ-ರಿಲೀಸ್' ಈವೆಂಟ್ ಒಳ್ಳೆಯ ಆರಂಭ. ಹೊಸ ಕಾರ್ಡ್‌ಗಳು ಮಾರುಕಟ್ಟೆಗೆ ಬರುವ ಮುನ್ನ ನಡೆಯುವ ಇದರಲ್ಲಿ ಎಲ್ಲರಿಗೂ ಒಂದೊಂದು ಬಾಕ್ಸ್ ಕೊಡುತ್ತಾರೆ. ಅಲ್ಲೇ ಕೂತು 40 ಕಾರ್ಡ್‌ಗಳ ಡೆಕ್ ಕಟ್ಟಬೇಕು, ಪ್ರೈಸ್ ಕಾರ್ಡ್ ನಾಲ್ಕೇ. ಮನೆಯಲ್ಲಿ ದುಬಾರಿ ಸಂಗ್ರಹ ಇರುವವರಿಗೆ ಇಲ್ಲಿ ಅನುಕೂಲವಿಲ್ಲ. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಹುಟ್ಟಿದ ವರ್ಷ ನೋಡಿ ಜೂನಿಯರ್, ಸೀನಿಯರ್, ಮಾಸ್ಟರ್ಸ್ ಎಂದು ವಿಂಗಡಿಸುತ್ತಾರೆ. ಒಂದು ಎಚ್ಚರಿಕೆ: ಪಂದ್ಯ ನಡೆಯುವಾಗ ಅಪ್ಪ-ಅಮ್ಮ ಪಕ್ಕದಿಂದ ಪಿಸುಗುಟ್ಟುವಂತಿಲ್ಲ, ಅದು ನಿಯಮಕ್ಕೆ ವಿರುದ್ಧ. ಸೋಲನ್ನು ಮಗುವೇ ಅನುಭವಿಸಲಿ ಬಿಡಿ.

ಈಗ ಕೌಂಟರ್ ಕಡೆ ಬನ್ನಿ. ಬೂಸ್ಟರ್ ಪ್ಯಾಕ್ ಒಳಗೆ ಏನಿದೆ ಎಂದು ಒಡೆಯುವ ತನಕ ಗೊತ್ತಾಗದು. 'ಇನ್ನೊಂದೇ ಒಂದು ಪ್ಯಾಕ್' ಎಂಬ ಸೆಳೆತಕ್ಕೂ ಲಾಟರಿ ಸೆಳೆತಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ತುಪ್ಪ ಸುರಿಯುವುದು 'ಒಂದು ಕಾರ್ಡ್‌ಗೆ ಕೋಟಿಗಟ್ಟಲೆ ಬೆಲೆ' ಎಂಬ ಸುದ್ದಿಗಳು. 52.75 ಲಕ್ಷ ಡಾಲರ್‌ಗೆ ಮಾರಾಟವಾಗಿ 2022ರಲ್ಲಿ ಗಿನ್ನೆಸ್ ದಾಖಲೆ ಸೇರಿದ 'ಪಿಕಾಚು ಇಲಸ್ಟ್ರೇಟರ್' ಕಾರ್ಡ್ ಯಾವ ಪ್ಯಾಕ್‌ನಲ್ಲೂ ಬಂದದ್ದಲ್ಲ. ಅದು 1997-98ರಲ್ಲಿ ಜಪಾನಿನ ಪತ್ರಿಕೆಯೊಂದರ ಚಿತ್ರ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಕೊಟ್ಟ ಬಹುಮಾನ! ಆದ್ದರಿಂದ ಎಷ್ಟು ಪ್ಯಾಕ್ ಎಂದು ಮನೆ ಬಿಡುವ ಮುನ್ನವೇ ಮಾತಾಡಿಕೊಳ್ಳಿ. ಬೇಕಾದದ್ದು ಒಂದೇ ಕಾರ್ಡ್ ಆದರೆ ಅದನ್ನಷ್ಟೇ ಬಿಡಿಯಾಗಿ ಕೊಳ್ಳುವುದು ಎಷ್ಟೋ ಸಲ ಅಗ್ಗ.

ಫ್ಯಾನ್ಸಿ ಸ್ಟೋರ್‌ಗಳಲ್ಲೂ ಆನ್‌ಲೈನ್‌ನಲ್ಲೂ ಅಗ್ಗಕ್ಕೆ ಸಿಗುವ ಥಳಥಳ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡ್ ಕಟ್ಟುಗಳು ನಕಲಿ. ಮನೆಯಲ್ಲಿ ಆಡಲು ತೊಂದರೆಯಿಲ್ಲ, ಅಧಿಕೃತ ಈವೆಂಟ್‌ನಲ್ಲಿ ನಡೆಯುವುದಿಲ್ಲ. ಮಗು ಆಸೆಯಿಂದ ಅವನ್ನೇ ಹೊತ್ತು ಹೋಗಿ ಎಲ್ಲರೆದುರು ಮುಖ ಸಣ್ಣ ಮಾಡಿಕೊಳ್ಳುವ ಮುನ್ನ ಮನೆಯಲ್ಲೇ ಹೇಳಿಬಿಡಿ.

ಇನ್ನು ಅದಲು-ಬದಲು. ದೊಡ್ಡವರೊಬ್ಬರು ಬಂದು 'ಈ ಒಂದಕ್ಕೆ ನನ್ನ ಹತ್ತು ತಗೋ ಪುಟ್ಟಾ' ಎಂದರೆ ಎಂಟು ವರ್ಷದ ಮಗುವಿಗೆ ಹತ್ತೇ ಹೆಚ್ಚು ಅನ್ನಿಸುತ್ತದೆ. ಆಗ ನೀವು ಪಕ್ಕದಲ್ಲಿರಿ. ಮೊಬೈಲ್‌ನಲ್ಲಿ ಎರಡೂ ಕಡೆಯ ಬೆಲೆ ನೋಡಲು ಒಂದು ನಿಮಿಷ ಸಾಕು.