ಚೀನೀ ಲಿಪಿಯೂ ನಮ್ಮ ಶಾಸನಲಿಪಿಯೂ

ಲಿಪಿಯು ಭಾಷೆಯ ಉಡುಪು ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ಅದು ಜನಾಂಗವೊಂದರ ಐಕ್ಯವನ್ನೂ ನೆನಪನ್ನೂ ರೂಪಿಸುವ ಬಗೆಯನ್ನು, ಚೀನೀ ಲಿಪಿಯನ್ನು ನಮ್ಮ ಶಾಸನಲಿಪಿಯೊಡನೆ ಹೋಲಿಸಿ, ಇಲ್ಲಿ ವಿವೇಚಿಸುತ್ತೇವೆ.

ಚೀನೀ ಲಿಪಿಯ ಅತಿ ಪ್ರಾಚೀನ ಬರಹಗಳು ಆನ್‌ಯಾಂಗ್‌ನಲ್ಲಿ ದೊರೆತ, ಕ್ರಿ. ಪೂ. 1200ರ ಸುಮಾರಿನ ಶಕುನದ ಎಲುಬುಗಳ ಮೇಲಿವೆ. ಕ್ರಿ. ಪೂ. 221ರಲ್ಲಿ ಚೀನವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯು ಲಿಪಿಯನ್ನೂ ಏಕರೂಪಗೊಳಿಸಿದನು. ಇದರ ಚಿಹ್ನೆಗಳು ಧ್ವನಿಸೂಚನೆಯನ್ನು ಒಳಗೊಂಡರೂ ಮುಖ್ಯವಾಗಿ ಪದಗಳನ್ನೇ ನಿರ್ದೇಶಿಸುತ್ತವೆ. ಆದುದರಿಂದ ಮಾತಿನಲ್ಲಿ ಪರಸ್ಪರ ಅರಿಯಲಾರದ ಪೀಕಿಂಗಿನವನೂ ಕ್ಯಾಂಟನಿನವನೂ ಒಂದೇ ಗ್ರಂಥವನ್ನು ಓದಬಲ್ಲವರಾದರು. ಸಾವಿರಾರು ಚಿಹ್ನೆಗಳನ್ನು ಕಲಿಯುವ ಶ್ರಮವೇ ಇದಕ್ಕೆ ತೆತ್ತ ಬೆಲೆ. 1956ರಲ್ಲಿ ಕೈಗೊಂಡ ಸರಳೀಕರಣದ ಉದ್ದೇಶ ಈ ಶ್ರಮವನ್ನು ತಗ್ಗಿಸುವುದೇ ಆಗಿದ್ದಿತು.

ಬ್ರಾಹ್ಮಿಯಿಂದ ಬೆಳೆದ ಕನ್ನಡ ಲಿಪಿ ಧ್ವನಿಯನ್ನು ಬರೆಯುತ್ತದೆ. ಕಲಿಕೆ ಸುಲಭ, ಆದರೆ ಭಾಷೆ ಬೇರೆಯಾದಲ್ಲಿ ಬರಹವೂ ಬೇರೆಯಾಗಲೇಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಕಾರ್ಯವನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಬೇರೆ ಬೇರೆ ಲಿಪಿಗಳಿಂದ ಕೆತ್ತಿರುವುದು ಇದಕ್ಕೆ ನಿದರ್ಶನ.

ಕಾಲದ ಅಂತರವೂ ಗಮನಾರ್ಹ. ಸುಮಾರು 1800 ವರ್ಷಗಳ ಹಿಂದಿನ, ಹಾನ್ ಕಾಲದ ಶಿಲಾಬರಹಗಳ ಅನೇಕ ಚಿಹ್ನೆಗಳನ್ನು ಇಂದಿನ ಚೀನೀ ವಿದ್ಯಾವಂತನು ಗುರುತಿಸಬಲ್ಲನು. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ವಿದ್ಯಾರ್ಥಿಯಾದರೋ, ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಕಟ್ಟಿದ ಬ್ರಹ್ಮೇಶ್ವರ ದೇಗುಲದ ಶಾಸನದೆದುರು ತನ್ನ ನುಡಿಯಲ್ಲೇ ನಿರಕ್ಷರಿಯಾಗಿ ನಿಲ್ಲುತ್ತಾನೆ.

ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಆದರೆ ಓದಬಲ್ಲವರು ಮುಂದೆ ಇಲ್ಲವಾದರೆ, ಅಚ್ಚಿಗೆ ಸೇರದ ಕಲ್ಲುಗಳು ಮೂಕವಾಗಿಯೇ ಉಳಿಯುತ್ತವೆ. ಅಚ್ಚಿನ ಪಾಠವನ್ನು ಕೈಯಲ್ಲಿ ಹಿಡಿದು, ಕಲ್ಲಿನೆದುರು ಒಂದೊಂದೇ ಅಕ್ಷರವನ್ನು ಗುರುತಿಸುವ ಅಭ್ಯಾಸವನ್ನು ಕಾಲೇಜುಗಳು ಕೈಕೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.