ಡಬ್ಬದ ಮೇಲಿನ ಸಾವಿರ ವ್ಯಾಟ್

ಅಪ್ಪ ಮದುವೆಗೆ ಮುಂಚೆ ಕೊಂಡ ಸ್ಟೀರಿಯೋ ಇನ್ನೂ ಮನೆಯಲ್ಲಿದೆ. ಸ್ಪೀಕರುಗಳು ಗಟ್ಟಿಮುಟ್ಟಾಗಿವೆ. ಆದರೆ ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಒಂದು ಕಡೆಯಂತೂ ದನಿಯೇ ಇಲ್ಲ. ಪಿಯುಸಿ ಓದುವ ಮಗಳಿಗೆ ಹೊಸ ಆಂಪ್ಲಿಫೈಯರ್ ಬೇಕು. 'ಸಾವಿರ ವ್ಯಾಟಿಂದು ಬಂದಿದೆ ಅಪ್ಪಾ, ಬೆಲೆನೂ ಜಾಸ್ತಿ ಇಲ್ಲ' ಎನ್ನುತ್ತಾಳೆ. 'ಸಾವಿರ ವ್ಯಾಟ್ ಅಂದರೆ ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಕರೆಂಟ್ ಅಲ್ಲವೇನಮ್ಮಾ?' ಎಂದು ಅಪ್ಪ ಕೇಳುತ್ತಾರೆ.

ಅಪ್ಪನ ಪ್ರಶ್ನೆ ತಮಾಷೆಯದೇನೂ ಅಲ್ಲ. ಅಂಗಡಿಯಲ್ಲಿ ಯಂತ್ರದ ಹಿಂಬದಿಗೆ ಅಂಟಿಸಿದ ಪಟ್ಟಿ ಓದಿ ನೋಡಿ. ವಿದ್ಯುತ್ ಬಳಕೆ 40 ವ್ಯಾಟ್ ಎಂದಿದ್ದರೆ ಸ್ಪೀಕರಿಗೆ ಸತತವಾಗಿ ಸಾವಿರ ವ್ಯಾಟ್ ಹೋಗುವುದು ಹೇಗೆ? ಶಕ್ತಿಯನ್ನು ಸೃಷ್ಟಿಸಲಾಗದೆಂದು ಹೈಸ್ಕೂಲಿನಲ್ಲೇ ಓದಿದ್ದಾಗಿದೆಯಲ್ಲ! ಡಬ್ಬದ ಮೇಲಿನ ಸಾವಿರ 'ಪಿಎಂಪಿಒ' ಲೆಕ್ಕದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಗರಿಷ್ಠ ಶಕ್ತಿ ಅದು. ಅಳೆಯಲು ಎಲ್ಲರೂ ಒಪ್ಪಿದ ಕ್ರಮವೂ ಇಲ್ಲ. ಕೇಳಬೇಕಾದದ್ದು 'ಆರ್‌ಎಂಎಸ್' ಅಂಕಿ: ಒಂದು ಚಾನೆಲ್‌ಗೆ ಎಷ್ಟು, ಎಷ್ಟು ಓಮ್‌ನ ಸ್ಪೀಕರಿಗೆ?

ಆ ಅಂಕಿಯೂ ದೊಡ್ಡದಿರಲೇಬೇಕೆಂದಿಲ್ಲ. 25 ವ್ಯಾಟಿನ ಜಾಗದಲ್ಲಿ 50 ವ್ಯಾಟ್ ತಂದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು 'ಸ್ವಲ್ಪ ಜೋರಾಯಿತು' ಎನ್ನುವಷ್ಟೇ. ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದಾಗ 90 ಡೆಸಿಬೆಲ್ ಕೊಡುವ ಸ್ಪೀಕರಿಗೆ 84 ಡೆಸಿಬೆಲ್ಲಿನದು ಸಮನಾಗಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕಾಗುತ್ತದೆ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿಫೈಯರಿನ ಅಂಕಿ ಬರೀ 20 ವ್ಯಾಟ್. ಆದರೂ ಕಡಿಮೆ ಬೆಲೆಯ ಒಳ್ಳೆಯ ಆಂಪ್ಲಿಫೈಯರ್ ಎಂದರೆ ಸಂಗೀತಪ್ರಿಯರು ಇಂದಿಗೂ ಅದರ ಹೆಸರು ಹೇಳುತ್ತಾರೆ.

ಓಮ್ ವಿಷಯದಲ್ಲಿ ಮಾತ್ರ ರಾಜಿ ಬೇಡ. 8 ಓಮ್‌ಗಿಂತ ಕಡಿಮೆ ಬೇಡವೆನ್ನುವ ಆಂಪ್ಲಿಫೈಯರಿಗೆ 4 ಓಮ್ ಸ್ಪೀಕರ್ ಜೋಡಿಸಿದರೆ ಅದು ಕಾದು ಕೆಡಬಹುದು.

ಇಷ್ಟೆಲ್ಲ ಯೋಚಿಸುವ ಮೊದಲು ಆಂಪ್ಲಿಫೈಯರೇ ಕೆಟ್ಟಿದೆಯೇ ಎಂಬುದನ್ನು ಪರೀಕ್ಷಿಸುವುದು ಜಾಣತನ. ಯಂತ್ರ ಆರಿಸಿ, ಅದರ ಹಿಂದೆ ಎಡ ಬಲ ಸ್ಪೀಕರಿನ ತಂತಿಗಳನ್ನು ಅದಲು ಬದಲು ಮಾಡಿ. ಮೂಕವಾಗಿದ್ದ ಸ್ಪೀಕರು ಮೂಕವಾಗಿಯೇ ಉಳಿದರೆ ದೋಷ ಸ್ಪೀಕರಿನದು ಅಥವಾ ಅದರ ತಂತಿಯದು. ಅದು ಹಾಡತೊಡಗಿ ಇನ್ನೊಂದು ಮೂಕವಾದರೆ ಆಂಪ್ಲಿಫೈಯರಿನದು, ಇಲ್ಲವೇ ಅದಕ್ಕೆ ಹಾಡು ಕಳಿಸುವ ಯಂತ್ರದ್ದು. ಕರಕರ ಸದ್ದಿಗೆ ಕಾರಣ ಎಷ್ಟೋ ಸಲ ವಾಲ್ಯೂಮ್ ಗುಂಡಿಯೊಳಗಿನ ಧೂಳು. ರಿಪೇರಿಯವರು ಅದನ್ನು ಶುಚಿಮಾಡಿದರೆ ಸಾಕು, ಸಾವಿರಾರು ರೂಪಾಯಿ ಉಳಿದೀತು.

ಕೊಳ್ಳಲೇಬೇಕೆಂದಾದರೆ, ತಾತನ ಕಾಲದ ರೆಕಾರ್ಡ್ ಪ್ಲೇಯರ್ ಇರುವವರು 'ಫೋನೋ' ಜೋಡಣೆ ಇದೆಯೇ ಎಂದು ಕೇಳಬೇಕು. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕಳಿಸುತ್ತದೆ. ರೆಕಾರ್ಡಿನ ಸೂಜಿಯಿಂದ ಸಾಮಾನ್ಯವಾಗಿ ಬರುವುದು ಕೆಲವೇ ಮಿಲಿವೋಲ್ಟ್. ಸಾಧಾರಣ ಜೋಡಣೆಗೆ ಸಿಕ್ಕಿಸಿದರೆ ಹಾಡು ಪಿಸುಗುಟ್ಟುತ್ತದೆ.

ಮನೆಗೆ ತಂದು ಜೋಡಿಸುವಾಗ ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದೇ ಒಂದು ಸ್ಪೀಕರಿನಲ್ಲಿ ಇದು ತಿರುವುಮುರುವಾದರೂ ಒಂದರ ಪರದೆ ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ; ಮೃದಂಗದ ಎಡಗೈ ನಾದವೇ ಸೊರಗಿಹೋಗುತ್ತದೆ. ಹೊಸ ಆಂಪ್ಲಿಫೈಯರ್ ಸರಿಯಿಲ್ಲವೆಂದು ಅಂಗಡಿಯವರೊಡನೆ ಜಗಳಕ್ಕೆ ಹೊರಡುವ ಮುನ್ನ ಆ ಎರಡು ತಂತಿಗಳನ್ನು ಒಮ್ಮೆ ನೋಡಿಬಿಡಿ.